ನಟ್ಟಿನ ಮೇಲಿನ ಹಳದಿ ಗೆರೆ

ನರ್ಸಮ್ಮನ ಕಾರು ನಮ್ಮ ಅಂಗಡಿಯ ಮುಂದೆ ಬಂದಿಳಿದದ್ದು ಮಗು ಹೋದ ಆರನೆಯ ದಿನ. ಅಲ್ಲಿಯವರೆಗೆ ಅದು ಕಾಲುವೆ ಸೇತುವೆಯ ಆಚೆ, ರಸ್ತೆಯ ಅಂಚಿನಲ್ಲಿ, ಗಾಳಿ ಹೋದ ಚಕ್ರದ ಕಡೆಗೆ ವಾಲಿಕೊಂಡು ನಿಂತೇ ಇತ್ತು. ಕೆಟ್ಟು ನಿಂತ ಗಾಡಿಗಳನ್ನು ಎತ್ತಿ ತರುವ ವ್ಯಾನು ನಮ್ಮದೇ. ನಮ್ಮವರು ಬೆಳಿಗ್ಗೆ ಎದ್ದು "ಇವತ್ತು ತರ್ತೀನಿ" ಎನ್ನುವುದು, ಸಂಜೆ "ನಾಳೆ ತಂದ್ರಾಯ್ತು" ಎನ್ನುವುದು, ಹೀಗೇ ಐದು ದಿನ ತಳ್ಳಿದರು. ಆರನೆಯ ದಿನ ನಾನೇ ಕೇಳಿದೆ.

"ರೀ, ಪಾಪ ಅವರ ಕಾರು ಇನ್ನೂ ಎಷ್ಟು ದಿನ ಬೀದೀಲಿ ಬಿದ್ದಿರ್ಬೇಕು?"

ಅವರು ವ್ಯಾನಿನ ಕೀಲಿಕೈ ತೆಗೆದುಕೊಂಡು ಹೋದರು.

ನಮ್ಮ ಮನೆ ಅಂಗಡಿಯ ಬೆನ್ನಿಗೆ ಅಂಟಿಕೊಂಡೇ ಇದೆ. ಅಡುಗೆಮನೆಯ ಕಿಟಕಿ ತೆಗೆದರೆ ಟೈರುಗಳ ಸಾಲು, ಜಾಕು, ಗೋಡೆಗೆ ತೂಗುಹಾಕಿದ ಪಾನಾಗಳು. ಇನ್ನೊಂದು ಬದಿಯ ಬಾಗಿಲು ನಡುಮನೆಗೆ. ಅದರಾಚೆಯ ಕೋಣೆಯಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎದೆಯಲ್ಲಿ ಹಾಲು ಬಂದುಬಿಟ್ಟಿತ್ತು. ಕುಡಿಯುವವರಿಲ್ಲ ಎಂಬುದು ಹಾಲಿಗೆ ಹೇಗೆ ಗೊತ್ತಾಗಬೇಕು? ದಿನಕ್ಕೆ ನಾಲ್ಕು ಸಲ ನಾನು ಒದ್ದೆಯಾದ ಬಟ್ಟೆ ತೆಗೆದು ಒಣಗಿದ್ದನ್ನು ಇಡುತ್ತಿದ್ದೆ. ಅವಳು ತೋಳೆತ್ತಿ ಸಹಕರಿಸುತ್ತಿದ್ದಳು. ಚಿಕ್ಕವಳಿದ್ದಾಗ ಅಂಗಿ ತೊಡಿಸುವಾಗ ಎತ್ತುತ್ತಿದ್ದಳಲ್ಲ, ಹಾಗೆಯೇ.

ನಡುಮನೆಯ ಮೇಜಿನ ಮುಂದೆ ಅಳಿಯ ಕೂತು ಪತ್ರ ಬರೆಯುತ್ತಿದ್ದ. ಸುದ್ದಿ ತಿಳಿದು ಊರಿಂದ ಓಡಿಬಂದವನು ಎರಡು ದಿನ ಹೆಂಡತಿಯ ಕೋಣೆಯ ಬಾಗಿಲಲ್ಲೇ ಕೂತಿದ್ದ. ಮೂರನೆಯ ದಿನ ಕಾಗದ ಕೇಳಿದ. ಆವತ್ತಿನಿಂದ ಬರೆಯುವುದು, ಹರಿಯುವುದು, ಮತ್ತೆ ನೀಟಾಗಿ ಬರೆಯುವುದು.

"ಅತ್ತೆ, ಆ ನರ್ಸ್ ಮೊದಲನೇ ಸಲ ಫೋನ್ ಮಾಡಿದ್ದು ಎಷ್ಟು ಗಂಟೆಗೆ?"

"ಹತ್ತೂಕಾಲಿಗೆ."

"ಎರಡನೇ ಸಲ?"

"ಹತ್ತೂಮುಕ್ಕಾಲು ಆಗಿತ್ತು."

"ಬಂದಿದ್ದು?"

"ಹನ್ನೆರಡಕ್ಕೆ ಐದು ನಿಮಿಷ ಇತ್ತು."

ಅವನು ಬರೆದುಕೊಂಡ. "ಒಂದು ಚಕ್ರ ಬದಲಾಯಿಸೋಕೆ ಹತ್ತಿರ ಹತ್ತಿರ ಎರಡು ಗಂಟೆ. ಮಾವ ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷದಲ್ಲಿ ಮಾಡ್ತಾರೆ. ಎಲ್ಲಿಗೋ ಹೋಗಿದ್ದಾಳೆ, ಅತ್ತೆ. ಪಂಕ್ಚರ್ ಅನ್ನೋದು ಬರೀ ನೆಪ."

ಆ ದೂರಿನ ಪತ್ರ ಮರುದಿನ ಬೆಳಿಗ್ಗೆ ಆರೋಗ್ಯ ಕಚೇರಿಗೆ ಹೋಗುವುದಿತ್ತು. ಅದು ಬರುತ್ತದೆ ಎಂದು ಗೊತ್ತಾಗಿಯೇ ಕಚೇರಿಯವರು ನರ್ಸಮ್ಮನಿಗೆ ಮನೆಯಲ್ಲಿರಲು ಹೇಳಿದ್ದರು. ಅವರ ಆಸ್ಪತ್ರೆ ಎಂದರೆ ಹನ್ನೆರಡು ಕಿಲೋಮೀಟರ್ ಆಚೆ ಎರಡು ಕೋಣೆ, ಒಂದು ಮಂಚ, ಮತ್ತು ಅವರು. ಹತ್ತೊಂಬತ್ತು ವರ್ಷದಿಂದ ಈ ಸುತ್ತಿನ ಹೆರಿಗೆಗಳೆಲ್ಲ ಅವರ ಕೈಯಲ್ಲೇ ಆಗಿದ್ದವು. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಪತ್ರ ತಲುಪಿದರೆ ಕೆಲಸ ಹೋಗುತ್ತಿತ್ತು. ಇನ್ನೆಲ್ಲೂ ಸಿಗುವುದೂ ಇರಲಿಲ್ಲ.

ನಾನು ಅಳಿಯನ ಮುಂದೆ ಚಹಾ ಇಟ್ಟು ಅಡುಗೆಮನೆಗೆ ಬಂದೆ. ಹೇಳಬೇಕಾದ ಒಂದು ಮಾತನ್ನು ಆರು ದಿನದಿಂದ ಹೇಳದೆ ಉಳಿಸಿಕೊಂಡಿದ್ದೆ.

ಈ ಮಾತು ಅರ್ಥವಾಗಬೇಕಾದರೆ ನಮ್ಮ ಅಂಗಡಿಯ ಪದ್ಧತಿ ಹೇಳಬೇಕು.

ಕಾರಿನ ಒಂದೊಂದು ಚಕ್ರಕ್ಕೆ ಐದು ನಟ್ಟು. ಮೊದಲು ಚಕ್ರ ಕೂರುವ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ಉದುರಿಸಬೇಕು. ನಟ್ಟುಗಳನ್ನು ಬೆರಳಿನಿಂದಲೇ ನಾಲ್ಕು ಸುತ್ತು ಕೂರಿಸಬೇಕು. ಆಮೇಲೆ ಪಾನಾ, ಅದೂ ಪಕ್ಕಪಕ್ಕದ್ದಲ್ಲ, ಒಂದು ಬಿಟ್ಟು ಒಂದು, ಎದುರುಬದುರು. ಕೊನೆಗೆ ಗಾಡಿ ನೆಲಕ್ಕಿಳಿಸಿ ಟಾರ್ಕ್ ರೆಂಚ್ ಹಿಡಿಯಬೇಕು. ಅದು ಉದ್ದ ಹಿಡಿಯ ಪಾನಾ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಮೊದಲೇ ಇಟ್ಟಿರುತ್ತಾರೆ. ಆ ಬಿಗಿ ಬಂದ ಕೂಡಲೇ ಟಕ್ ಎನ್ನುತ್ತದೆ. ಇನ್ನು ಸಾಕು, ಕೈ ತೆಗಿ ಎಂದು ಅರ್ಥ.

ಒಲೆಯ ಮುಂದೆ ನಿಂತು ನಾನು ಆ ಟಕ್ ಎಣಿಸುತ್ತಿದ್ದೆ. ಐದು ಆದರೆ ಒಂದು ಚಕ್ರ. ಇಪ್ಪತ್ತಾದ ಮೇಲೆ ಕೈ ಒರೆಸಿಕೊಂಡು, ಹಳದಿ ಬಣ್ಣದ ಡಬ್ಬಿ, ಸಣ್ಣ ಕುಂಚ ಹಿಡಿದು ಹೊರಗೆ ಹೋಗುತ್ತಿದ್ದೆ. ನಟ್ಟಿನ ಮೇಲಿಂದ ಚಕ್ರದ ತಗಡಿನವರೆಗೆ ಒಂದು ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗಿ ಒಡೆದು ಕಾಣುತ್ತದೆ. ಗೆರೆ ಹಾಗೇ ಇದ್ದರೆ ನಾವು ಬಿಗಿದ ಮೇಲೆ ನಟ್ಟು ಮಿಸುಕಿಲ್ಲ ಎಂದು ಲೆಕ್ಕ. ಈ ಗೆರೆಯ ಕೆಲಸ ಮದುವೆಯಾದಂದಿನಿಂದ ನನ್ನದು. ಮಗಳು ಶಾಲೆಗೆ ಹೋಗುತ್ತಿದ್ದಾಗ ರಜೆಯಲ್ಲಿ ಅವಳದು. ಅವಳ ಗೆರೆ ಸೊಟ್ಟವಾದರೆ ನಮ್ಮವರು, "ಗುಬ್ಬಿ, ಇದೇನು ನಟ್ಟಿಗೆ ಮೀಸೆ ಬರೆದಿದ್ದೀಯ?" ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಒಬ್ಬ ಮೇಷ್ಟ್ರ ಕಾರಿನ ಚಕ್ರ ಇಳಿಜಾರಿನಲ್ಲಿ ಕಳಚಿಕೊಂಡಿತು. ನಮ್ಮಲ್ಲಿ ಟೈರು ಹಾಕಿಸಿಕೊಂಡು ಹೋದ ನಾಲ್ಕನೆಯ ದಿನ. ಮೇಷ್ಟ್ರು ಬದುಕಿದರು, ಎಡಗಾಲು ಉಳಿಯಲಿಲ್ಲ. ಈಗಲೂ ದಿನಾ ಬೆಳಿಗ್ಗೆ ಊರುಗೋಲು ಕುಟ್ಟಿಕೊಂಡು ನಮ್ಮ ಅಂಗಡಿಯ ಮುಂದೆಯೇ ಬಸ್ಸಿಗೆ ಹೋಗುತ್ತಾರೆ. ಆವತ್ತು ಜನ ಜಾಸ್ತಿ ಇದ್ದರು, ನಮ್ಮವರು ತುಕ್ಕು ಉಜ್ಜದೆ ಚಕ್ರ ಕೂರಿಸಿದ್ದರು. ಗಾಡಿ ಓಡಿದ ಹಾಗೆ ಆ ತುಕ್ಕಿನ ಹೊಟ್ಟು ಪುಡಿಯಾಗಿ ಉದುರಿತು, ನಟ್ಟು ಸಡಿಲವಾಯಿತು. ತಪ್ಪು ಬ್ರಷ್ಷಿನದು, ಬಿಗಿಯದಲ್ಲ. ಅದು ಅವರಿಗೂ ಗೊತ್ತಿತ್ತು. ಆದರೆ ಊರುಗೋಲಿನ ಸದ್ದು ದಿನಾ ಕೇಳುವವರ ಕೈಗೆ ಅದನ್ನು ತಿಳಿಸಿ ಹೇಳುವವರು ಯಾರು? ಟಾರ್ಕ್ ರೆಂಚ್ ಮೊಳೆಗೆ ಏರಿತು, ಇಳಿಯಲಿಲ್ಲ. ಅದರ ಬದಲು ಪಾನಾದ ಹಿಡಿಗೆ ಒಂದು ಆಳು ಉದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ತುದಿಗೆ ಮೈಭಾರವೆಲ್ಲ ಹಾಕಿ ಜಗ್ಗತೊಡಗಿದರು. ನಟ್ಟು ಕಿರ್ರೆನ್ನುತ್ತಿತ್ತು. ಆಮೇಲೂ ಒಂದು ಜಗ್ಗು.

ಟ್ಯಾಕ್ಸಿ ಓಡಿಸುವ ಗಿಡ್ಡ ಒಮ್ಮೆ ಹೇಳಿದ್ದ, "ಮೇಸ್ತ್ರಿ, ನೀವು ಬಿಗಿದ ನಟ್ಟು ಬಿಚ್ಬೇಕಾದ್ರೆ ಸ್ಟೆಪ್ನಿ ಜೊತೆ ನಿಮ್ಮನ್ನೂ ಡಿಕ್ಕೀಲಿ ಹಾಕ್ಕೊಂಡು ಹೋಗ್ಬೇಕು."

"ಹಾಕ್ಕೊಂಡು ಹೋಗು. ಕಳಚಿಕೊಂಡು ಬೀಳೋದಕ್ಕಿಂತ ವಾಸಿ."

ಎಲ್ಲರೂ ನಕ್ಕಿದ್ದೆವು. ನಾನೂ ನಕ್ಕಿದ್ದೆ.

ಹೆರಿಗೆಗೆ ಮೂರು ವಾರ ಇದ್ದಾಗ ನರ್ಸಮ್ಮ ಮಗಳನ್ನು ನೋಡಲು ಬಂದಿದ್ದರು. ಒಳಗೆ ಅವಳ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದರು. ಹೊರಗೆ ನಮ್ಮವರು ಅವರ ಕಾರನ್ನು ಜಾಕಿಗೇರಿಸಿ, ಹಿಂದಿನ ಟೈರು ಮುಂದಕ್ಕೆ ಮುಂದಿನದು ಹಿಂದಕ್ಕೆ ಬದಲಾಯಿಸುತ್ತಿದ್ದರು. ಅವರು ಕೇಳಿರಲಿಲ್ಲ, ಇವರದೇ ಪ್ರೀತಿ. ನಾನು ಬಣ್ಣದ ಡಬ್ಬಿ ಹಿಡಿದು ಹೋದಾಗ ಕೊನೆಯ ಚಕ್ರ ನಡೆಯುತ್ತಿತ್ತು. ಪೈಪಿನ ಮೇಲೆ ಒಂದು ಕಾಲಿಟ್ಟು ಹತ್ತಿ ನಿಂತಿದ್ದರು.

"ಈ ಚಕ್ರ ನಮ್ಮ ಗುಬ್ಬಿಗೋಸ್ಕರ ಓಡೋ ಚಕ್ರ ಕಣೇ," ಎಂದರು ಬೆವರು ಒರೆಸಿಕೊಳ್ಳುತ್ತ. "ಸಡಿಲ ಆಗೋ ಮಾತೇ ಇಲ್ಲ."

ಇಷ್ಟು ಬಿಗಿದರೆ ಆ ಹೆಂಗಸು ದಾರಿಯಲ್ಲಿ ಹೇಗೆ ಬಿಚ್ಚಬೇಕು ಎಂದು ನನಗೆ ಹೊಳೆಯಿತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಬೇಗ ಬೇಗ ಇಪ್ಪತ್ತು ಗೆರೆ ಎಳೆದು ಒಳಗೆ ಓಡಿದೆ. ಒಲೆ ಒರೆಸುವಷ್ಟರಲ್ಲಿ ಆ ಮಾತು ಮರೆತೇಹೋಯಿತು.

ಆವತ್ತು, ಅಂದರೆ ನೋವು ಬಂದ ದಿನ, ನಮ್ಮವರು ವ್ಯಾನು ತೆಗೆದುಕೊಂಡು ನಲವತ್ತು ಕಿಲೋಮೀಟರ್ ದೂರ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ನೋವು ಜೋರಾಯಿತು. ಫೋನ್ ಮಾಡಿದ ಕೂಡಲೇ ನರ್ಸಮ್ಮ "ಹೊರಟೆ" ಎಂದರು. ಹತ್ತೂಕಾಲಿಗೆ ಅವರ ಫೋನ್ ಬಂತು.

"ಪಂಕ್ಚರ್ ಆಗ್ಬಿಡ್ತಮ್ಮ. ಸೇತುವೆ ಹತ್ರ ಇದ್ದೀನಿ. ಸ್ಟೆಪ್ನಿ ಇದೆ, ಹತ್ತು ನಿಮಿಷ, ಹಾಕ್ಕೊಂಡು ಬಂದ್ಬಿಡ್ತೀನಿ. ಅವಳಿಗೆ ಉಸಿರು ಬಿಟ್ಟು ಬಿಟ್ಟು ತಗೊಳ್ಳೋಕೆ ಹೇಳಿ."

ನಾನು ನಮ್ಮವರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಕರೆಸಲೇ ಎಂದು ಕೇಳಿದೆ.

"ಹತ್ತು ನಿಮಿಷ ಅಂದಿದ್ದಾರಲ್ಲ, ಬಂದ್ಬಿಡ್ತಾರೆ. ಸ್ಟೆಪ್ನಿ ಹಾಕೋದೇನು ಮಹಾ. ಆಂಬುಲೆನ್ಸ್ ದೊಡ್ಡಾಸ್ಪತ್ರೆಯಿಂದ ಬರೋದರೊಳಗೆ ಮಗು ಆಗಿರತ್ತೆ."

ಹತ್ತು ನಿಮಿಷ ಕಾದೆವು. ಇಪ್ಪತ್ತಾಯಿತು. ಹತ್ತೂಮುಕ್ಕಾಲಿಗೆ ಮತ್ತೆ ಅವರ ಫೋನ್. ಏದುಸಿರು ಬಿಡುತ್ತಿದ್ದರು.

"ಮೂರು ಬಿಚ್ಚಿದೆ. ಇನ್ನೆರಡು ನಟ್ಟು ಜಪ್ಪಯ್ಯ ಅಂದ್ರೂ ಬರ್ತಿಲ್ಲಮ್ಮ. ಮೇಲೆ ಹತ್ತಿ ನಿಂತ್ರೂ ಅಲ್ಲಾಡ್ತಿಲ್ಲ. ಒಂದು ಐದು ನಿಮಿಷ. ಬಿಟ್ಟು ಬರೋಣ ಅಂದ್ರೆ ಇನ್ನೂ ಎಂಟು ಕಿಲೋಮೀಟರ್ ದಾರಿ, ಒಂದು ಗಾಡೀನೂ ಕಾಣ್ತಿಲ್ಲ."

ಪೈಪಿನ ಮೇಲೆ ಹತ್ತಿ ನಿಂತ ಕಾಲು ಆ ಕ್ಷಣವೇ ನನ್ನ ಕಣ್ಣ ಮುಂದೆ ಬಂತು. ಫೋನ್ ಇಟ್ಟು ಆಂಬುಲೆನ್ಸಿಗೆ ಮಾಡಿದೆ. ಒಂದು ಗಂಟೆ ಹಿಡಿಯುತ್ತದೆ ಎಂದರು. ಮಗಳು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. "ಎಲ್ಲಿದ್ದಾರಮ್ಮ, ಎಲ್ಲಿಗೆ ಬಂದ್ರು?" ಎಂದು ಕೇಳುತ್ತಿದ್ದಳು. "ಬಂದ್ರು, ಇಲ್ಲೇ ಬಂದ್ರು" ಎನ್ನುತ್ತಿದ್ದೆ. ಹನ್ನೊಂದೂವರೆಗೆ ಮಗು ಬಂತು, ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡು. ನನ್ನ ಬೆರಳಿಗೆ ಅದು ಬಿಡಿಸಲು ಬರಲಿಲ್ಲ. ನರ್ಸಮ್ಮ ಹಾಲಿನ ವ್ಯಾನೊಂದನ್ನು ಕೈಯೊಡ್ಡಿ ನಿಲ್ಲಿಸಿ, ಹತ್ತಿ ಬಂದಾಗ ಮಗು ನೀಲಿಯಾಗಿತ್ತು. ಆದರೂ ಅವರು ಅರ್ಧ ಗಂಟೆ ಅದರ ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಅವರ ಅಂಗೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಒಂದು ಗಂಟೆ ಎಂದಿದ್ದ ಆಂಬುಲೆನ್ಸ್ ಬಂದದ್ದು ಅದಾದ ಮೇಲೆ. ಗಂಡು ಮಗು. ತುಂಬ ಕೂದಲಿತ್ತು.

ಅವರು ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ದೊಡ್ಡಾಸ್ಪತ್ರೆಯ ಡಾಕ್ಟರನ್ನು ಅಳಿಯ ಕೇಳಿದನಂತೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರಂತೆ.

ಈಗ ಆರನೆಯ ದಿನ, ಆ ಕಾರು ಅಂಗಡಿಯಲ್ಲಿತ್ತು. ನಮ್ಮವರು ಅದನ್ನು ಜಾಕಿಗೇರಿಸಲಿಲ್ಲ. ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಟ್ಟೆಯಿಂದ ಧೂಳು ಒರೆಸಿದರು. ಕಿಟಕಿಯಿಂದ ನೋಡಿ ನಾನು ಬೆಂಕಿ ಆರಿಸಿ ಹೊರಗೆ ಹೋದೆ.

ಮೂರು ನಟ್ಟು ಇರಲಿಲ್ಲ. ಉಳಿದ ಎರಡರಲ್ಲಿ ಒಂದರ ಆರು ಮೂಲೆಗಳೂ ಸವೆದು, ಪಾನಾ ಜಾರಿ ಜಾರಿ, ಗುಂಡಗಾಗಿಬಿಟ್ಟಿತ್ತು. ಇನ್ನೊಂದರ ಮೇಲೆ ನನ್ನ ಹಳದಿ ಗೆರೆ. ನಟ್ಟಿನಿಂದ ತಗಡಿಗೆ ನೇರವಾಗಿ, ಎಳೆದ ದಿನ ಹೇಗಿತ್ತೋ ಹಾಗೇ.

"ಒಡೆದಿಲ್ಲ," ಎಂದರು.

"ಹೂಂ."

ಅವರು ಎದ್ದು ಕಾರಿನ ಡಿಕ್ಕಿ ತೆಗೆದು ಅದರೊಳಗಿದ್ದ ಪಾನಾ ತಂದರು. ಕಾರಿನ ಜೊತೆ ಬರುವಂಥದ್ದು, ಮೊಳದುದ್ದವೂ ಇಲ್ಲ. ಗೆರೆಯಿದ್ದ ನಟ್ಟಿಗೆ ಅದನ್ನು ಹಾಕಿ ಎರಡೂ ಕೈಯಿಂದ ಎಳೆದರು. ನಮ್ಮವರ ತೋಳು ಸಾಮಾನ್ಯದ್ದಲ್ಲ, ಲಾರಿ ಟೈರನ್ನು ಒಬ್ಬರೇ ಎತ್ತಿ ನಿಲ್ಲಿಸುತ್ತಾರೆ. ನಟ್ಟು ಅಲ್ಲಾಡಲಿಲ್ಲ. ಕಾಲಿಟ್ಟು ತುಳಿದರು. ಇಲ್ಲ. ಹತ್ತಿ ನಿಂತು, ಮೊಣಕಾಲು ಮಡಿಸಿ ಒಮ್ಮೆ ಜಿಗಿದರು. ಪಾನಾ ಜಾರಿ ಅವರು ಬಂಪರಿನ ಮೇಲೆ ಬಿದ್ದರು, ಅಂಗೈ ತರಚಿತು. ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ನರ್ಸಮ್ಮನಿಗೆ ಗಾಯವಾಗಿದ್ದೂ ಅದೇ ಜಾಗದಲ್ಲಿ.

"ನಿಂಗೆ ಗೊತ್ತಿತ್ತಾ?"

"ಅವರು ಎರಡನೇ ಸಲ ಫೋನ್ ಮಾಡಿದಾಗಲೇ. ನಿಮಗೆ?"

"ನಂಗೂ ಆವತ್ತೇ. ಮಗೂಗೆ ಗುಂಡಿ ತೋಡ್ತಾ ಇದ್ನಲ್ಲ, ಆಗ." ಅವರು ನೆಲ ನೋಡುತ್ತಿದ್ದರು. "ಅಂಗಡೀಲಿ ಬಿಗಿಯುವಾಗ, ಇದನ್ನ ಇನ್ನೊಬ್ಬರು ಬಿಚ್ತಾರೆ ಅನ್ನೋದೇ ನಂಗೆ ತಲೇಲಿ ಬರ್ತಿರ್ಲಿಲ್ಲ. ಬಿಚ್ಚೋನೂ ನಾನೇ ಅನ್ನೋ ಹಾಗೆ."

ನನಗೆ ಬಂದಿತ್ತು ಎಂದು ಆಗ ಹೇಳಲಿಲ್ಲ.

ಅವರು ಕೆಲಸಕ್ಕೆ ಕೂತರು. ಎರಡೂ ನಟ್ಟಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತ ಮೆಲ್ಲಗೆ ತಟ್ಟಿ, ಇಳಿಯಲಿ ಎಂದು ಕಾದರು. ಗುಂಡಗಾದದ್ದಕ್ಕೆ ಒಂದು ಅಳತೆ ಚಿಕ್ಕದಾದ ಸಾಕೆಟ್ ಪಾನಾ ಇಟ್ಟು ಸುತ್ತಿಗೆಯಿಂದ ಹೊಡೆದು ಹೊಡೆದು ಕಚ್ಚಿಸಿದರು. ಒಳಗಿನಿಂದ ಅಳಿಯ, "ಏನು ಮಾವ ಅದು ಸದ್ದು, ಅವಳು ಮಲಗಿದ್ದಾಳೆ" ಎಂದ. ಇವರು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹೊಡೆದರು. ಪೈಪು ಹಾಕಿ ಎಳೆದಾಗ ನಟ್ಟು ಕಿರುಚಿ, ಕಾಲು ಸುತ್ತು ಬಂದು, ಪಟ್ಟೆಂದು ಕಡಿದುಹೋಯಿತು. ನಟ್ಟು ಕೂರುವ ಕಡ್ಡಿಯೇ ಬುಡದಿಂದ ಮುರಿದು, ನಟ್ಟಿನೊಳಗೆ ಸಿಕ್ಕಿಕೊಂಡೇ ಕೈಗೆ ಬಂತು. ಅತಿಯಾಗಿ ಜಗ್ಗಿದ್ದರಿಂದ ಕಡ್ಡಿ ನಡುವಿನಲ್ಲಿ ಎಳೆದ ಹಿಟ್ಟಿನ ಹಾಗೆ ಸಣ್ಣಗಾಗಿತ್ತು. ಇನ್ನೊಂದನ್ನೂ ಅದೇ ಪೈಪಿನಿಂದ ತೆಗೆದರು. ಅದು ಬರುವಾಗ ಹಳದಿ ಗೆರೆ ಎರಡಾಯಿತು.

ಮಧ್ಯಾಹ್ನ ನರ್ಸಮ್ಮ ಬಸ್ಸಿಳಿದು ಬಂದರು. ಕಾರು ತಂದಿದ್ದೇವೆಂದು ಯಾರೋ ಹೇಳಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದರು. ಅಂಗಡಿಯ ನೆರಳಿಗೂ ಬರದೆ ಬಿಸಿಲಲ್ಲೇ ನಿಂತು ನನ್ನನ್ನು ಕರೆದರು.

"ಹೇಗಿದ್ದಾಳಮ್ಮ? ಜ್ವರ ಏನಾದ್ರೂ ಬಂತಾ?"

"ಇಲ್ಲ."

"ಎದೆ ಗಟ್ಟಿಯಾಗಿದ್ರೆ ತಣ್ಣೀರ ಬಟ್ಟೆ ಹಾಕಿ. ಹಿಂಡೋಕೆ ಹೋಗ್ಬೇಡಿ, ಹಿಂಡಿದಷ್ಟೂ ಬರತ್ತೆ." ಆಮೇಲೆ ನಮ್ಮವರ ಕಡೆ ತಿರುಗಿದರು. "ಮೇಸ್ತ್ರಿ, ನನ್ನ ಕೈಯಲ್ಲಿ ತ್ರಾಣ ಸಾಲಲಿಲ್ಲ. ಗಂಡಸರು ಯಾರಾದ್ರೂ ಇದ್ದಿದ್ರೆ ಬಿಚ್ಚಿ ಬಂದಿರ್ತಿದ್ರು."

ನಮ್ಮವರು ತಮ್ಮ ತರಚಿದ ಅಂಗೈ ಅವರಿಗೆ ತೋರಿಸಿದರು.

"ನಿಮ್ಮ ಪಾನಾದಲ್ಲಿ ನಾನೇ ಈಗ ಹತ್ತಿ ಕುಣಿದು ನೋಡ್ದೆ. ಬರಲಿಲ್ಲ. ಅದನ್ನ ಬಿಗಿದೋನು ನಾನು, ಸಿಸ್ಟರ್. ಆವತ್ತು, ನೀವು ಒಳಗಿದ್ದಾಗ."

ನರ್ಸಮ್ಮ ಅವರ ಕೈಯನ್ನು ನೋಡಿದರು, ಕೆಳಗೆ ಬಿದ್ದಿದ್ದ ಮುರಿದ ಕಡ್ಡಿಯನ್ನು ನೋಡಿದರು. ಆಮೇಲೆ ಕೇಳಿದರು, "ಯಾಕೆ?"

"ಕಳಚಬಾರದು ಅಂತ."

ಅವರು ತಲೆಯಾಡಿಸಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಅಳಲೂ ಇಲ್ಲ. "ಆರು ದಿನದಿಂದ ನಾನು ನಿದ್ದೆ ಮಾಡಿಲ್ಲ," ಎಂದರು. "ಇನ್ನೂ ಸ್ವಲ್ಪ ಜೋರಾಗಿ ತುಳೀಬೇಕಿತ್ತು, ಇನ್ನೂ ಸ್ವಲ್ಪ ಅಂತ. ಕನಸಲ್ಲೂ ತುಳೀತಾನೇ ಇರ್ತೀನಿ." ಪಟ್ಟಿ ಕಟ್ಟಿದ ಕೈ ನೋಡಿಕೊಂಡು, "ನಂದೂ ತಪ್ಪಿದೆ. ಹತ್ತು ನಿಮಿಷ ಅಂತ ನಾನು ಅನ್ನಬಾರದಿತ್ತು. ಹಾಗಂದಿದ್ದಕ್ಕೇ ನೀವು ಕಾದ್ರಿ," ಎಂದರು.

ಅಳಿಯನಿಗೆ ಹೇಳಿ ಎಂದು ಅವರು ಕೇಳಲಿಲ್ಲ. ಮುಂದಿನ ಬಸ್ಸಿಗೆ ಹೊರಟುಹೋದರು, ಕಾರು ಇನ್ನೂ ಮೂರು ಚಕ್ರದ ಮೇಲಿತ್ತಲ್ಲ.

ನಮ್ಮವರು ಟೈರಿನ ರಾಶಿಯ ಮೇಲೆ ಕೂತರು.

"ಹೇಳಿದ್ರೆ ಗುಬ್ಬಿ ಇನ್ನು ಈ ಮನೆಗೆ ಬರಲ್ಲ."

"ಹೇಳದಿದ್ರೆ ನಾಳೆ ಬೆಳಿಗ್ಗೆ ಪತ್ರ ಹೋಗತ್ತೆ. ಅವರು ಇನ್ನು ಯಾವ ಹೆರಿಗೆಗೂ ಹೋಗೋ ಹಾಗಿಲ್ಲ."

"ಇರೋಳು ಒಬ್ಬಳೇ ಮಗಳು ಕಣೇ."

"ಗೊತ್ತು."

"ನೀನೇ ಹೇಳಿಬಿಡ್ತೀಯಾ? ನಿನ್ನ ಮಾತು ಅವಳು ತಡ್ಕೋತಾಳೆ."

"ಇಬ್ಬರೂ ಹೋಗೋಣ ಏಳಿ."

ಅವರು ಕೈ ತೊಳೆದರು. ಸೋಪು ಹಚ್ಚಿ ಎರಡೆರಡು ಸಲ, ಉಗುರಿನ ಸಂದಿಯನ್ನೂ ಬಿಡದೆ. ಊಟಕ್ಕೆ ಕೂರುವಾಗಲೂ ಅಷ್ಟು ತೊಳೆದವರಲ್ಲ.

ಅಳಿಯ ಪತ್ರ ಮುಗಿಸಿ ಸಹಿ ಹಾಕಲು ಪೆನ್ನು ಹಿಡಿದಿದ್ದ. ನಮ್ಮವರು ಮುರಿದ ಕಡ್ಡಿ ಕಚ್ಚಿಕೊಂಡಿದ್ದ ಗುಂಡು ನಟ್ಟನ್ನು ತಂದು ಆ ಕಾಗದದ ಮೇಲೆಯೇ ಇಟ್ಟರು. ಅದರ ಎಣ್ಣೆ ಅಕ್ಷರಗಳ ಮೇಲೆ ಹರಡಿತು.

"ಮಾವ, ಏನಿದು?"

"ನರ್ಸಮ್ಮನ ಕಾರಿನ ನಟ್ಟು. ಅವರು ಎಲ್ಲಿಗೂ ಹೋಗಿರಲಿಲ್ಲಪ್ಪ. ಇದರ ಮೇಲೇ ನಿಂತಿದ್ರು."

ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮೇಷ್ಟ್ರ ಕಾಲು, ಪೈಪು, ಡಿಕ್ಕಿಯ ಪಾನಾ. ಆಂಬುಲೆನ್ಸ್ ಬೇಡ ಎಂದದ್ದನ್ನೂ ಬಿಡಲಿಲ್ಲ. ಅಳಿಯ ಪೆನ್ನು ಹಿಡಿದೇ ಕೇಳಿದ. ಕೊನೆಗೆ, "ಹಾಗಾದ್ರೆ ನಾನು ಯಾರ ಹೆಸರು ಬರೀಲಿ?" ಎಂದ. ಅದು ಕೊಂಕಲ್ಲ. ನಿಜವಾಗಿಯೂ ಕೇಳುತ್ತಿದ್ದ.

"ನಂದು ಬರೀರಿ."

ಅಳಿಯ ಪೆನ್ನಿನ ಮುಚ್ಚಳ ಹಾಕಿದ. ಹಾಕಿ, ತೆಗೆದು, ಮತ್ತೆ ಹಾಕಿದ. ಆಮೇಲೆ ಕಾಗದವನ್ನು ನಟ್ಟಿನ ಸಮೇತ ಮಡಿಸಿ ಪಕ್ಕಕ್ಕೆ ಸರಿಸಿದ.

ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಎದ್ದಳೋ ನಾವು ನೋಡಿರಲಿಲ್ಲ. ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಬಂದು ಕಾಗದ ಬಿಡಿಸಿ ನಟ್ಟನ್ನು ಕೈಗೆತ್ತಿಕೊಂಡಳು. ನಟ್ಟುಗಳ ನಡುವೆಯೇ ಆಡಿ ಬೆಳೆದ ಹುಡುಗಿ, ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಸವೆದ ಅಂಚಿನಲ್ಲಿ ಉಗುರಿನಷ್ಟು ಹಳದಿ ಬಣ್ಣ ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು.

"ಗೆರೆ ಎಳೆದಿದ್ದು ಯಾರು?"

ಆರು ದಿನದಲ್ಲಿ ಅವಳಾಡಿದ ಮೊದಲ ಮಾತು.

"ನಾನು," ಎಂದೆ.

"ಟಕ್ ಅಂದಿತ್ತಾ?"

"ಇಲ್ಲ."

"ಅಂದಿಲ್ಲ ಅಂತ ಗೊತ್ತಿದ್ದೂ ಎಳೆದ್ಯಾ?"

"ಹೂಂ. ಬಿಚ್ಚೋದು ಹೇಗೆ ಅಂತ ಅಪ್ಪನ್ನ ಕೇಳೋಣ ಅಂದ್ಕೊಂಡೆ ಗುಬ್ಬಿ. ಹಾಲು ಉಕ್ತು. ಮರೆತುಹೋಯ್ತು."

ನಮ್ಮವರು ಚಕ್ಕನೆ ನನ್ನ ಕಡೆ ತಿರುಗಿದರು. ಅವರಿಗೂ ಅದು ಹೊಸ ಮಾತು. ಮಗಳು ನಟ್ಟನ್ನು ಮೇಜಿನ ಮೇಲಿಟ್ಟಳು, ಕೆಳಗೆ ಉರುಳದಂತೆ ಮುರಿದ ಬದಿ ಕೆಳಗೆ ಮಾಡಿ. ಅವಳ ಅಂಗಿಯ ಮುಂಭಾಗ ಒದ್ದೆಯಾಗುತ್ತಿತ್ತು. ನಾನು ಒಣಬಟ್ಟೆ ತಂದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅಳಿಯ ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಹೋದ, ಪತ್ರವಿಲ್ಲದೆ. ನರ್ಸಮ್ಮನ ಮೇಲೆ ನಮ್ಮದೇನೂ ದೂರಿಲ್ಲ ಎಂದು ಬಾಯಲ್ಲೇ ಹೇಳಿ ಬಂದನಂತೆ. ಬಂದವನು ಸೂಟ್‌ಕೇಸ್ ಕಟ್ಟಿದ. "ಅವಳು ಊರಿಗೆ ಹೋಗೋಣ ಅಂತಿದ್ದಾಳೆ, ಅತ್ತೆ," ಎಂದ, ತನ್ನದೇ ತಪ್ಪು ಎನ್ನುವ ಹಾಗೆ. ಇನ್ನೂರು ಕಿಲೋಮೀಟರ್ ದಾರಿ, ಹಸಿ ಮೈ. ಸೀಟಿಗೆ ಎರಡು ದಿಂಬು ಹಾಕಿ, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ, ಒಗೆದು ಒಣಗಿಸಿದ ಬಟ್ಟೆಗಳನ್ನೆಲ್ಲ ಮಡಿಸಿ ಚೀಲದಲ್ಲಿಟ್ಟೆ.

ನಮ್ಮವರು ಬೆಳಗಿನಿಂದಲೇ ಅಳಿಯನ ಕಾರಿನ ಕೆಳಗಿದ್ದರು. ಅದರ ನಟ್ಟುಗಳನ್ನೂ ಅವರೇ ಬಿಗಿದಿದ್ದರು, ಹೋದ ಸಲ ಬಂದಾಗ. ಒಂದೊಂದಾಗಿ ಇಪ್ಪತ್ತನ್ನೂ ಬಿಚ್ಚಿದರು. ಚಕ್ರ ಇಳಿಸಿ ತಂತಿ ಬ್ರಷ್ಷಿನಿಂದ ಉಜ್ಜಿದರು. ಉಜ್ಜುವ ಸದ್ದಿನ ನಡುವೆ ಹೊರಗೆ ಊರುಗೋಲಿನ ಸದ್ದು ಹಾದುಹೋಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಂದು ಟಕ್. ನಾನು ತೊಳೆಯುತ್ತಿದ್ದ ಪಾತ್ರೆ ಹಿಡಿದು ನಿಂತೆ. ಇನ್ನೊಂದು. ಇಪ್ಪತ್ತರವರೆಗೂ ಎಣಿಸಿದೆ. ಕೈ ಒರೆಸಿಕೊಂಡು, ಅಭ್ಯಾಸ ನೋಡಿ, ಡಬ್ಬಿ ಕುಂಚ ತೆಗೆದುಕೊಂಡು ಹೊರಗೆ ಹೋದೆ.

ಮಗಳು ಆಗಲೇ ಕಾರಿನಲ್ಲಿ ಕೂತಿದ್ದಳು. ನಾನು ಅವಳ ಬದಿಯ ಚಕ್ರದ ಮುಂದೆ ಕೂತು ಡಬ್ಬಿಯ ಮುಚ್ಚಳ ತೆರೆದೆ. ಅವಳು ಗಾಜು ಇಳಿಸಿದಳು.

"ಗೆರೆ ಬೇಡಮ್ಮ."

ಕೋಪದ ದನಿಯಲ್ಲ. ಊಟ ಬೇಡ ಎನ್ನುವಾಗ ಹೇಳುತ್ತಿದ್ದಳಲ್ಲ, ಅಷ್ಟೇ ಮೆಲ್ಲಗೆ. ಕುಂಚದ ತುದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು. ನಾನು ಮುಚ್ಚಳ ಹಾಕಿ ಎದ್ದೆ.

ನಮ್ಮವರು ಅಳಿಯನ ಕಿಟಕಿಯ ಹತ್ತಿರ ಹೋದರು. ಮಗಳ ಕಡೆ ನೋಡಲಿಲ್ಲ. "ಚಕ್ರ ಬಿಚ್ಚಿ ಹಾಕಿದ್ಮೇಲೆ ಐವತ್ತು ಕಿಲೋಮೀಟರ್ ಆದಾಗ ಒಂದ್ಸಲ ನಿಲ್ಲಿಸಿ ನಟ್ಟು ನೋಡ್ಕೋಬೇಕು," ಎಂದರು. "ಡಿಕ್ಕೀಲಿರೋ ಪಾನಾ ಸಾಕು. ಅದರಲ್ಲೇ ಬಿಚ್ಚಿ ನೋಡಿದ್ದೀನಿ, ಸಲೀಸಾಗಿ ಬರತ್ತೆ. ಗುಬ್ಬಿ ಕೈಲೂ ಬರತ್ತೆ. ನೋಡಿ ಒಂದು ಫೋನ್ ಮಾಡಿ."

"ಆಗ್ಲಿ ಮಾವ."

ಕಾರು ಸೇತುವೆಯ ಕಡೆಗೆ ತಿರುಗಿತು. ಮಗಳು ಗಾಜು ಏರಿಸಿರಲಿಲ್ಲ, ಹೊರಗೂ ನೋಡಲಿಲ್ಲ.

ನರ್ಸಮ್ಮನ ಕಾರಿಗೆ ಹೊಸ ಕಡ್ಡಿ ಕೂರಿಸುವುದು ಬಾಕಿಯಿತ್ತು. ನಮ್ಮವರು ಅದಕ್ಕೆ ಕೂತರು. ನಾನು ಮಗಳ ಮಂಚದ ಹೊದಿಕೆ ತೆಗೆದು ನೆನೆಹಾಕಿದೆ, ನೆಲ ಒರೆಸಿದೆ. ಫೋನನ್ನು ಕಿಟಕಿಯ ಅಂಚಿನಲ್ಲಿ, ಇಬ್ಬರಿಗೂ ಕೇಳುವ ಹಾಗೆ ಇಟ್ಟಿದ್ದೆ. ಒಂದು ಗಂಟೆ ಕಳೆಯಿತು. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಗೋಡೆ ಗಡಿಯಾರ ನೋಡಿದರು.

"ಈಗ ಐವತ್ತಾಗಿರತ್ತೆ," ಎಂದರು.

"ಹೂಂ," ಎಂದೆ.

ಇನ್ನೊಂದು ಅರ್ಧ ಗಂಟೆ ಬಿಟ್ಟು, "ದಾರೀಲಿ ಗಾಡಿ ಜಾಸ್ತಿ ಇರ್ಬೇಕು," ಎಂದರು.

ನಾನು ನೆನೆಹಾಕಿದ ಹೊದಿಕೆ ಹಿಂಡಿ, ಒಣಹಾಕಿ, ಕಿಟಕಿಯ ಹತ್ತಿರಕ್ಕೆ ಬಂದು ನಿಂತೆ. ಅವರು ನರ್ಸಮ್ಮನ ಕಾರಿನ ಚಕ್ರ ಕೂರಿಸಿ ಟಾರ್ಕ್ ರೆಂಚ್ ಹಿಡಿದಿದ್ದರು. ಟಕ್ ಎಂದಿತು, ಐದು ಸಲವೂ ಎಂದಿತು. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು, ಬಣ್ಣಕ್ಕಾಗಿ. ನಾನು ಡಬ್ಬಿಯನ್ನು ಕಿಟಕಿಯಿಂದಲೇ ಅವರ ಕೈಗೆ ಕೊಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮುಚ್ಚಳ ತೆರೆಯದೆ ಟೈರಿನ ರಾಶಿಯ ಮೇಲಿಟ್ಟರು. ಫೋನು ಕಿಟಕಿಯ ಅಂಚಿನಲ್ಲಿ ಹಾಗೇ ಇತ್ತು.